ಅರ್ಧ ಚಮಚ ಉಪ್ಪು

ಸಂಘದ ಜಾಲತಾಣಕ್ಕೆ ಆರೋಗ್ಯ ಮಾಹಿತಿ ಬರೆದುಕೊಡುವುದಷ್ಟೇ ನನ್ನ ಪಾಲಿನ ಸೇವೆಯೆಂದು ಭಾವಿಸಿದ್ದೆ. ಕಳೆದ ಬೇಸಗೆಯಲ್ಲಿ ಪುಟಗಳ ವಿನ್ಯಾಸವೂ ನನ್ನ ಹೆಗಲಿಗೇರಿತು. ಅದನ್ನು ನೋಡಿಕೊಳ್ಳುತ್ತಿದ್ದ ಸ್ವಯಂಸೇವಕರು ಊರಿಗೆ ಮರಳಿದ್ದರು. ಎಂಬಿಬಿಎಸ್ ಓದಿದವರಿಗೆ ಸಿಎಸ್‌ಎಸ್ ಯಾವ ವರ್ಷದ ಪಠ್ಯವೆಂದು ಮನೆಯಲ್ಲಿ ನಕ್ಕರು.

ಒಮಾನಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರ ತನಕ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಆದರೆ ಬಿಸಿಲು ಗಡಿಯಾರ ನೋಡಿ ಬರುವುದಿಲ್ಲವಷ್ಟೆ. ನಿರ್ಜಲೀಕರಣದ ಬಗ್ಗೆ ಹಿಂದೆ ಬರೆದಿದ್ದ ಕರಪತ್ರವೊಂದನ್ನು ಜಾಲತಾಣಕ್ಕೆ ಏರಿಸಲು ನಿರ್ಧರಿಸಿದೆ. ಒಂದು ಲೀಟರ್ ಶುದ್ಧ ನೀರು, ಆರು ಸಮತಟ್ಟಾದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು: ಅದರ ತಿರುಳು ಇಷ್ಟೇ.

ರಾತ್ರಿ ಪಾಳಿಯ ಕಣ್ಣುಗಳಿಗೆ ಹಿತವೆಂದು ನನ್ನ ಕಂಪ್ಯೂಟರಿನಲ್ಲಿ ಕಡುನೀಲಿ ಹಿನ್ನೆಲೆ, ತಿಳಿಹಳದಿ ಅಕ್ಷರ, ತುಂಗಾ ಫಾಂಟ್ ಇರುವ ಥೀಮ್ ಒಂದನ್ನು ಇಟ್ಟುಕೊಂಡಿದ್ದೇನೆ. ಅದೇ ಬಣ್ಣ, ಅದೇ ಅಳತೆಗಳನ್ನು ಸಿಎಸ್‌ಎಸ್‌ಗೆ ಇಳಿಸಿದೆ. ಪ್ರತಿ ಸಾಲಿಗೂ 20 ಪಿಕ್ಸೆಲ್ ಎತ್ತರ; ಮೀರಿದ್ದನ್ನು ಮರೆಮಾಡು ಎಂಬ ಆಜ್ಞೆ ಬೇರೆ. ನನ್ನ ಪರದೆಯಲ್ಲಿ ಎಲ್ಲವೂ ಸೊಗಸಾಗಿತ್ತು. ಗೆಳೆಯರ ಮೊಬೈಲಿನಲ್ಲಿ ತುಂಗಾ ಇರಲಿಲ್ಲ. ಬ್ರೌಸರ್ ತನ್ನಲ್ಲಿದ್ದ ಬೇರೊಂದು ಫಾಂಟನ್ನು ತಂದಿತು, ಎತ್ತರ ಮಾತ್ರ ಹಾಗೆಯೇ ಉಳಿಯಿತು. ಇಂಗ್ಲಿಷಿನ ಕೆಲವು ಅಕ್ಷರಗಳಿಗೆ ಚಿಕ್ಕ ಬಾಲವಿದ್ದೀತು. ನಮ್ಮ ಒತ್ತಕ್ಷರವಾದರೋ ಪೂರ್ತಿಯಾಗಿ ಕೆಳಗಿಳಿಯುತ್ತದೆ. ಹೀಗಾಗಿ ‘ಉಪ್ಪು’ ‘ಉಪು’ವಾಯಿತು, ‘ಸಕ್ಕರೆ’ ‘ಸಕರೆ’ಯಾಯಿತು.

ಮಗುವಿಗೂ ವಯಸ್ಕರಿಗೂ ಒಂದೇ ಪ್ರಮಾಣದ ಔಷಧಿ ಬರೆದ ತಪ್ಪು ಇದು. ತೂಕ ನೋಡಿ ಪ್ರಮಾಣ ನಿಗದಿಪಡಿಸುವಂತೆ ಇಲ್ಲಿ ಅಕ್ಷರದ ಗಾತ್ರ ನೋಡಬೇಕು. ಲೈನ್-ಹೈಟ್‌ಗೆ ಪಿಕ್ಸೆಲ್ ತೆಗೆದು ಬರಿಯ 1.8 ಎಂದು ಕೊಟ್ಟೆ. ಅಕ್ಷರ ದೊಡ್ಡದಾದರೆ ಸಾಲೂ ಅದೇ ಅನುಪಾತದಲ್ಲಿ ಬೆಳೆಯುತ್ತದೆ. ಮರೆಮಾಡುವ ಆಜ್ಞೆಯನ್ನು ಅಳಿಸಿದೆ. ಮುಕ್ತ ಪರವಾನಗಿಯ ನೋಟೋ ಸಾನ್ಸ್ ಕನ್ನಡ ಫಾಂಟನ್ನು ನಮ್ಮ ತಾಣದಲ್ಲೇ ಇರಿಸಿ, ಫಾಂಟ್-ಫೇಸ್ ನಿಯಮದ ಮೂಲಕ ಎಲ್ಲರಿಗೂ ತಲುಪಿಸಿದೆ. ಕಡುನೀಲಿಯು ಈಗ ಮೊಬೈಲಿನಲ್ಲಿ ಡಾರ್ಕ್ ಮೋಡ್ ಆರಿಸಿಕೊಂಡವರಿಗೆ ಮಾತ್ರ. ನನ್ನ ಕಣ್ಣಿನ ಹಿತವನ್ನು ಎಲ್ಲರ ಮೇಲೂ ಹೇರಿದ್ದು ಸರಿಯಲ್ಲವೆಂದು ತಡವಾಗಿ ತೋಚಿತು.

ಕೆಲಸ ಮುಗಿಯಿತೆಂದುಕೊಂಡೆ. ಮರುವಾರ ಸದಸ್ಯರೊಬ್ಬರ ತಾಯಿ ಫೋನ್ ಮಾಡಿದರು. ಕಣ್ಣಿನ ಪೊರೆಯಿಂದಾಗಿ ಅವರು ಮೊಬೈಲಿನಿಂದಲೇ ಓದಿಸಿ ಕೇಳುತ್ತಾರೆ. “ಡಾಕ್ಟ್ರೇ, ಒಂದು ಲೀಟರಿಗೆ ಒಂಬತ್ತು ಚಮಚ ಉಪ್ಪೇ? ಬಾಯಿಗೆ ಇಡುವುದು ಹೇಗಪ್ಪಾ?”

ಎದೆ ಧಸಕ್ಕೆಂದಿತು. ಮೂಲಪ್ರತಿ ತೆರೆದು ಅಕ್ಷರ ಅಕ್ಷರವಾಗಿ ಪರೀಕ್ಷಿಸಿದೆ. ಅರ್ಕಾವತ್ತು ಮೂಡಿಸಲು ತಿಳಿಯದ ದಿನಗಳಲ್ಲಿ ‘ಅಧ’ ಎಂದು ಬರೆದು, ಪಕ್ಕದಲ್ಲಿ ಕನ್ನಡದ ಅಂಕಿ ೯ನ್ನು ಒತ್ತಿದ್ದೆ. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಅದು ಒಂಬತ್ತು. ಇದನ್ನು ಯಾವ ಸಿಎಸ್‌ಎಸ್ ನಿಯಮವೂ ತಿದ್ದಲಾರದು. ಮೊದಲು ರ, ಬಳಿಕ ವಿರಾಮಚಿಹ್ನೆ ‘್’, ಆಮೇಲೆ ಧ ಎಂದು ಹೊಸದಾಗಿ ಬೆರಳಚ್ಚಿಸಿದೆ. ಆ ತಾಯಿಗೆ ಆಗಲೇ ಫೋನ್ ಮಾಡಿ ಕ್ಷಮೆ ಕೇಳಿದೆ.

ಅಕ್ಷರಕ್ಕೆ ಅಂಟಿದ ೯ ಎಲ್ಲೆಲ್ಲಿದೆಯೆಂದು ಈಗ ಹಳೆಯ ಲೇಖನಗಳಲ್ಲಿ ಹುಡುಕುತ್ತಿದ್ದೇನೆ. ತಮ್ಮ ಕಣ್ಣಿಗೋ ಕಿವಿಗೋ ಅಂಥದ್ದು ಬಿದ್ದರೆ ದಯಮಾಡಿ ತಿಳಿಸಿ. ಮುಖ್ಯವಾಗಿ ಔಷಧಿಯ ಪ್ರಮಾಣ ಇರುವ ಪುಟಗಳಲ್ಲಿ.