ಗೋದಾಮು, ಲಾಗರ್, ಹಗೇವು

ನಮ್ಮ ಸಂಘದ ಅನೇಕ ಮನೆಗಳಂತೆ ನಮ್ಮ ಮನೆಯ ಮಗನೂ ಹೊರದೇಶದಲ್ಲಿದ್ದಾನೆ. ಕೋಪನ್‌ಹೇಗನ್ನಿನಲ್ಲಿ ಗೋದಾಮುಗಳ ಸರಕಿನ ಲೆಕ್ಕ ನೋಡುವ ಕಂಪ್ಯೂಟರ್ ಕೆಲಸ ಅವನದು. ಭಾನುವಾರ ಸಂಜೆ ದಿಲ್‌ಸುಖ್‌ನಗರದ ನಮ್ಮ ಪಡಸಾಲೆಯಲ್ಲಿ ಫೋನು ಗುಂಯ್‌ಗುಟ್ಟಿತೆಂದರೆ ತೊಂಬತ್ತರ ಹತ್ತಿರದ ನಮ್ಮ ಅವ್ವನೂ ಜಪಮಾಲೆ ಬದಿಗಿಟ್ಟು ಬಂದು ಕೂಡುತ್ತಾಳೆ.

ಮೊನ್ನೆ ಅವನಿಗೊಂದು ಸಂಕಟ. ಡೇನಿಷ್ ಭಾಷೆಯ ಪರೀಕ್ಷೆ ಕೊಡಬೇಕಂತೆ. "ಅಪ್ಪಾ, ಗೋದಾಮಿಗೇ ಇಲ್ಲಿ ನಾಲ್ಕು ಹೆಸರು. ಒಂದೂ ತಲ್ಯಾಗ ನಿಲ್ಲವಲ್ಲದು" ಎಂದ.

ನನಗೆ ಹುರುಪು ಬಂತು. ಮಲಕಪೇಟೆ ಮಾರುಕಟ್ಟೆಯ ಅಡತಿ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ಮೆಣಸಿನಕಾಯಿ, ಉಳ್ಳಾಗಡ್ಡಿಗಳ ಲೆಕ್ಕ ಬರೆದವನು ನಾನು. ಸಾಹುಕಾರರು 'ಗೋದಾಮ್' ಎನ್ನುತ್ತಿದ್ದರು, ತೆಲುಗು ಹಮಾಲರು 'ಗಿಡ್ಡಂಗಿ' ಎನ್ನುತ್ತಿದ್ದರು, ಬ್ಯಾಂಕಿನವರು 'ವೇರ್‌ಹೌಸ್' ಎಂದು ಬರೆಯುತ್ತಿದ್ದರು. ಇಂಗ್ಲಿಷಿನ 'ಗೋಡೌನ್' ಎಂದರೆ 'ಕೆಳಗೆ ಹೋಗು' ಎಂದೇ ನಾನು ಬಹಳ ವರ್ಷ ನಂಬಿದ್ದೆ. ಅದು ತಪ್ಪು. ಮಲಯ ಭಾಷೆಯ 'ಗುದಂಗ್' ಎಂಬುದರಿಂದ ಅದು ಬಂತೆಂದೂ, ಆ ಮಲಯ ಶಬ್ದದ ಬೇರು ನಮ್ಮ ಕಡೆಯ ತೆಲುಗು ಗಿಡ್ಡಂಗಿ, ತಮಿಳು ಕಿಡಂಗುಗಳಲ್ಲೇ ಇರಬೇಕೆಂದೂ ತಿಳಿದವರು ಹೇಳುತ್ತಾರೆ. ಹಮಾಲನ ಮಾತೇ ಹಡಗು ಹತ್ತಿ ಹೋಗಿ, ಸಾಹೇಬನ ಮಾತಾಗಿ ತಿರುಗಿ ಬಂದಿದೆ!

ಮಗನ ನಾಲ್ಕು ಶಬ್ದಗಳನ್ನು ಒಂದೊಂದಾಗಿ ಬಿಡಿಸಿಕೊಂಡೆವು. 'ಪಕ್‌ಹೂಸ್' ಎಂದರೆ ಗಂಟುಮೂಟೆಗಳ ಮನೆ, ಹಳೆಯ ಬಂದರುಕಟ್ಟೆಯ ಗೋದಾಮು. ಅಂಥವು ಕೆಲವು ಈಗ ಹೋಟೆಲುಗಳಾಗಿವೆ. 'ವಾರೆಹೂಸ್' ಎಂಬುದು ಇಂಗ್ಲಿಷಿನ ವೇರ್‌ಹೌಸಿನ ತಮ್ಮನಂತೆ ಕಂಡರೂ ಮೋಸ ಮಾಡುತ್ತದೆ. ಅದು ಎಲ್ಲ ಸಾಮಾನೂ ಸಿಗುವ ದೊಡ್ಡ ಅಂಗಡಿ. 'ಲಾಗರ್' ಎಂದರೆ ದಾಸ್ತಾನು, ಅದನ್ನಿಡುವ ಜಾಗ. ಮೂಲ ಜರ್ಮನ್, ಸರಕು ಬಿದ್ದಿರುವ ಸ್ಥಳವೆಂಬ ಅರ್ಥ. ತಮಿಳಿನ ಕಿಡಂಗೂ ಅಷ್ಟೆ. 'ಕಿಡ' ಎಂದರೆ ಬಿದ್ದಿರು.

"ಲಾಗರ್ ಅಂದರ ಬಿಯರ್ ಅಲ್ಲೇನ್ರಿ?" ಎಂದು ಒಳಗಿನಿಂದ ನಮ್ಮಾಕೆಯ ಪ್ರಶ್ನೆ. ಹೌದು, ತಣ್ಣನೆಯ ನೆಲಮಾಳಿಗೆಯಲ್ಲಿ ವಾರಗಟ್ಟಲೆ ಇಟ್ಟು ಪಕ್ವ ಮಾಡಿದ್ದರಿಂದಲೇ ಆ ಬಿಯರಿಗೆ ಆ ಹೆಸರು. ನಾವೇನು ಕಡಿಮೆ? ಗಿಡ್ಡಂಗಿಯ ಸೋದರ 'ಗಡಂಗು' ನಮ್ಮ ಕರಾವಳಿಯಲ್ಲಿ ಹೆಂಡದಂಗಡಿಯಾಗಿ ಕೂತಿದೆಯಲ್ಲ! ಡೇನರು 1620ರಿಂದ 1845ರವರೆಗೆ ತಮಿಳುನಾಡಿನ ತರಂಗಂಬಾಡಿಯಲ್ಲಿ ಕೋಟೆ ಕಟ್ಟಿ ವ್ಯಾಪಾರ ಮಾಡಿದವರು. ಅವರ ಲಾಗರೂ ನಮ್ಮ ಕಿಡಂಗೂ ಅಲ್ಲಿ ಮುಖಾಮುಖಿಯಾಗಿರಲೇಬೇಕು.

"ಹಂಗಾರ ಕನ್ನಡದಾಗ ಏನಂತಾರಪಾ?" ಎಂದ ಮಗ. "ಉಗ್ರಾಣ" ಎಂದೆ. ಇಲ್ಲಿಯ ಸರಕಾರದ ಗಿಡ್ಡಂಗುಲ ಸಂಸ್ಥೆ ನಮ್ಮ ರಾಜ್ಯದಲ್ಲಿ ಉಗ್ರಾಣ ನಿಗಮ.

ಇಷ್ಟು ಹೊತ್ತು ಸುಮ್ಮನಿದ್ದ ಅವ್ವ ನಕ್ಕಳು. "ಒಂದ ಹೆಸರೇನೋ? ಕಾಳಿಗೆ ಕಣಜ, ಗುಮ್ಮಿ, ವಾಡೆ. ಬ್ಯಾಳಿ-ಬೆಲ್ಲಕ್ಕ ಅಡಕಲ ಗಡಿಗಿ. ಕಣಕಿಗೆ ಬಣವಿ. ಲಗ್ನದ ಮನ್ಯಾಗ ಉಗ್ರಾಣ. ಬರಗಾಲಕ್ಕ ಹಗೇವು." ಆಮೇಲೆ ನನ್ನ ಕಡೆ ತಿರುಗಿ, "ನಮ್ಮ ಹಗೇವು ಹ್ಯಾಂಗದನೋ?" ಎಂದಳು.

ನಾನು ತಲೆ ತಗ್ಗಿಸಿದೆ. ಬಿಜಾಪುರದ ಕಡೆಯ ನಮ್ಮ ಹಳ್ಳಿಯ ಮನೆಯನ್ನು ಮಾರಲು ಎರಡು ತಿಂಗಳ ಹಿಂದೆ ಮುಂಗಡ ತೆಗೆದುಕೊಂಡಿದ್ದೆ. ಅಂಗಳದ ಹಗೇವಿಗೆ ಮಣ್ಣು ತುಂಬಿ ನೆಲ ಸಮ ಮಾಡಿಕೊಡಬೇಕೆಂದು ಕೊಳ್ಳುವವರ ಕರಾರು. ಅವ್ವನಿಗೆ ಹೇಳುವ ಧೈರ್ಯವಾಗಿರಲಿಲ್ಲ.

ಹಗೇವು ಕಾಣದ ಮಕ್ಕಳಿಗಾಗಿ ಎರಡು ಮಾತು. ಅದು ನೆಲದಲ್ಲಿ ತೋಡಿದ ಕಾಳಿನ ಕೋಣೆ. ಬಾಯಿ ಮನುಷ್ಯ ಇಳಿಯುವಷ್ಟು ಕಿರಿದು, ಒಳಹೊಟ್ಟೆ ಅಗಲ. ಸುತ್ತ ಒಣಹುಲ್ಲು ಒತ್ತಿ, ಜೋಳ ಸುರಿದು, ಬಾಯಿಗೆ ಹಾಸುಗಲ್ಲಿಟ್ಟು ಮಣ್ಣು ಮೆತ್ತುತ್ತಾರೆ. ಒಳಗಿನ ಕಾಳು ಉಸಿರಾಡಿ ಗಾಳಿಯೊಳಗಿನ ಆಮ್ಲಜನಕ ತೀರುತ್ತದೆ, ಇಂಗಾಲಾಮ್ಲ ತುಂಬುತ್ತದೆ. ಆದ್ದರಿಂದಲೇ ಹುಳು ಬದುಕುವುದಿಲ್ಲ, ಜೋಳ ವರ್ಷಗಟ್ಟಲೆ ಉಳಿಯುತ್ತದೆ. ಆದ್ದರಿಂದಲೇ, ತೆರೆದ ಕೂಡಲೇ ಇಳಿದ ಮನುಷ್ಯನೂ ಬದುಕುವುದಿಲ್ಲ.

ಮಗ ಫೋನಿನಲ್ಲಿರುವಾಗಲೇ ಅವ್ವನಿಗೆ ಎಲ್ಲ ಹೇಳಿಬಿಟ್ಟೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಹೊರಗೆ ಮೆಟ್ರೊ ಹೋದ ಸದ್ದು ಕೇಳಿಸಿತು.

"ಮಾರಿದ್ದು ಮಾರಿದಿ" ಎಂದಳು ಕೊನೆಗೆ. "ಮಣ್ಣು ಹಾಕೂದಕ್ಕ ಮೊದಲ ಕಲ್ಲು ಸರಿಸಿ ಒಂದ ದಿನ ಬಿಡು, ಗಾಳಿ ಆಡಲಿ. ದೀಪ ಇಳಿಸಿ ನೋಡು. ದೀಪ ಆರಿತಂದರ ಯಾರನ್ನೂ ಇಳಿಸಬ್ಯಾಡ. ಕೂಲಿಯವರೂ ಮಕ್ಕಳೊಂದಿಗರು." ಮತ್ತೆ ಜಪಮಾಲೆ ಕೈಗೆತ್ತಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

ಮಗನಿಗೆ ಗಂಟಲು ಕಟ್ಟಿತ್ತು. "ಆಯಿ, ಆ ಹೆಸರೆಲ್ಲಾ ಇನ್ನೊಮ್ಮೆ ಹೇಳು, ಬರಕೋತೀನಿ" ಎಂದ. ಅವಳು ಹೇಳುತ್ತ ಹೋದಳು, ಅವನು ಡೇನಿಷ್ ಪರೀಕ್ಷೆಯ ಪುಸ್ತಕದಲ್ಲೇ ಕನ್ನಡದಲ್ಲಿ ಬರೆದುಕೊಂಡ. ಗುಮ್ಮಿ ಮತ್ತು ವಾಡೆಗಳ ಅಂತರ ನನಗೂ ಸರಿಯಾಗಿ ತಿಳಿದಿರಲಿಲ್ಲ, ಅಂದೇ ತಿಳಿಯಿತು. ಗುಮ್ಮಿ ಬಿದಿರಿನದು, ವಾಡೆ ಮಣ್ಣಿನದು.

ಅವನ ನಾಲ್ಕನೆಯ ಶಬ್ದ ಉಳಿಯಿತು, 'ಮಗಸೀನ್'. ಅರಬ್ಬಿಯ 'ಮಖ್ಜನ್' ಎಂದರೆ ಉಗ್ರಾಣ. ಅದು ಯುರೋಪಿನ ಭಾಷೆಗಳಲ್ಲೆಲ್ಲ ಹಬ್ಬಿತು. ಡೇನರಲ್ಲಿ ಇಂದಿಗೂ ಅದಕ್ಕೆ ಉಗ್ರಾಣವೆಂಬ ಅರ್ಥವೂ ಇದೆ, ನಿಯತಕಾಲಿಕವೆಂಬ ಅರ್ಥವೂ ಇದೆ. ಬರಹಗಳ ಉಗ್ರಾಣವೆಂದು 1731ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಆ ಹೆಸರಿಟ್ಟುಕೊಂಡಿತು. ಅಲ್ಲಿಂದ ಪತ್ರಿಕೆಗಳೆಲ್ಲ ಮ್ಯಾಗಜೀನುಗಳಾದವು.

ನಮ್ಮ ಸಂಘದ ಈ ಪುಟ್ಟ ಮಾಸಪತ್ರಿಕೆಯೂ ಹಾಗಾದರೆ ಒಂದು ಉಗ್ರಾಣವೇ. ಮುಂದಿನ ವಾರ ನಾನು ಊರಿಗೆ ಹೋಗುತ್ತೇನೆ, ಕಲ್ಲು ಸರಿಸಿ ಒಂದು ದಿನ ಕಾಯುತ್ತೇನೆ. ಹೋಗುವ ಮೊದಲು ಅವ್ವನ ಏಳು ಶಬ್ದಗಳನ್ನು ಇಲ್ಲಿ ಇಟ್ಟಿದ್ದೇನೆ. ನಿಮ್ಮ ಮನೆಯ ಹಿರಿಯರ ಬಳಿ ಇನ್ನೂ ಇದ್ದರೆ ಕೇಳಿ ತಂದು ಸೇರಿಸಿರಿ.