ಮರದ ಧೂಳು ಮತ್ತು ಒಂದು ಹಳೆಯ ಪಾಠ

ಪ್ರೌಢಶಾಲೆಯಲ್ಲಿ ನನ್ನಿಂದ ವಿಜ್ಞಾನದ ಪಾಠ ಕೇಳಿದವರಲ್ಲೊಬ್ಬ ಈಗ ಮೈಸೂರಿನಲ್ಲಿ ಮರಗೆಲಸದ ಕಾರ್ಖಾನೆ ನಡೆಸುತ್ತಿದ್ದಾನೆ. ತನ್ನ ಹೆಸರು ಬರೆಯಬಾರದೆಂದು ಕೇಳಿಕೊಂಡಿದ್ದಾನೆ. ಅವನ ತರಗತಿಯವರು ಊಹಿಸಿಕೊಳ್ಳಬಹುದು. ನಿವೃತ್ತಿಯ ನಂತರ ನಾನು ಆಗಾಗ್ಗೆ ಅಲ್ಲಿ ಹೋಗಿ ಕುಳಿತುಕೊಳ್ಳುವುದುಂಟು. ಕಳೆದ ವರ್ಷ ಒಂದು ಸಂಜೆ, ಮಾತಿನ ನಡುವೆ ಆತ ಪದೇ ಪದೇ ಕೆಮ್ಮುತ್ತಿದ್ದುದನ್ನು ಗಮನಿಸಿದೆ. "ಧೂಳು ಮೇಷ್ಟ್ರೇ, ನಮ್ಮ ಕಸುಬಿನಲ್ಲಿ ಇದ್ದದ್ದೇ" ಎಂದ.

ಇದ್ದದ್ದೇ ನಿಜ. ಆದರೆ ಅವನ ತಂದೆಯ ಕಾಲದಲ್ಲಿ ಉಜ್ಜುಗೊರಡಿನಿಂದ ಬೀಳುತ್ತಿದ್ದುದು ಸುರುಳಿ ಸುರುಳಿಯಾದ ಹೆರೆ. ಮನೆಯ ಒಲೆಗೆ ಆಗುತ್ತಿತ್ತು. ಈಗ ರೌಟರ್ ಯಂತ್ರವನ್ನು ಮೇಜಿನಡಿಯಲ್ಲಿ ತಲೆಕೆಳಗಾಗಿ ಬಿಗಿಯುತ್ತಾರೆ. ಮೇಲಕ್ಕೆ ಚಾಚಿದ ಅದರ ಅಲಗು ನಿಮಿಷಕ್ಕೆ 20,000 ಸುತ್ತಿನವರೆಗೂ ತಿರುಗುತ್ತದೆ. ದಪ್ಪ ಹೊಟ್ಟು ನೆಲಕ್ಕೆ ಬೀಳುತ್ತದೆ. ಕಣ್ಣಿಗೆ ಕಾಣದ ನುಣುಪು ಪುಡಿ ಗಂಟೆಗಟ್ಟಲೆ ತೇಲುತ್ತ ಶ್ವಾಸಕೋಶವನ್ನು ಹೊಗುತ್ತದೆ. ಬೀಟೆಯ ಪುಡಿಯಂತೂ ಕೆಲವರಿಗೆ ತುರಿಕೆಯನ್ನೂ ಉಬ್ಬಸವನ್ನೂ ತರುವಂಥದು. ಇಂಗ್ಲೆಂಡಿನ ಹೈ ವಿಕೂಂಬ್ ಸುತ್ತಿನ ಪೀಠೋಪಕರಣ ಕೆಲಸಗಾರರಲ್ಲಿ ಮೂಗಿನ ಕ್ಯಾನ್ಸರ್ ಹೆಚ್ಚಾಗಿರುವುದನ್ನು ವೈದ್ಯರು 1960ರ ದಶಕದಲ್ಲೇ ಗುರುತಿಸಿದ್ದರು. 1995ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗದಲ್ಲಿ ಇರಿಸಿತು. ಇದನ್ನೆಲ್ಲ ಹೇಳಿದಾಗ ಅವನು ಮೌನವಾದ. ಇಬ್ಬರು ಹುಡುಗರು ಅವನ ಕೈಕೆಳಗೆ ಕೆಲಸ ಕಲಿಯುತ್ತಿದ್ದಾರೆ.

ಮೊದಲು ಮೇಜಿನ ಆಸರೆ ಹಲಗೆಯಲ್ಲಿ, ಅಲಗಿನ ಹಿಂದೆಯೇ ಕಿಂಡಿ ಕೊರೆದು ವ್ಯಾಕ್ಯೂಮ್ ಕ್ಲೀನರಿನ ಕೊಳವೆ ಸಿಕ್ಕಿಸಿದೆವು. ಅಂಚು ಕೊರೆಯುವಾಗ ಸೊಗಸಾಗಿ ಎಳೆಯಿತು. ಹಲಗೆಯ ನಡುವೆ ಕಾಲುವೆ ತೆಗೆಯಹೊರಟರೆ ಹೊಟ್ಟೆಲ್ಲ ಅಲಗಿನ ಸುತ್ತಲಿನ ರಂಧ್ರದಿಂದ ಕೆಳಕ್ಕೆ ಸುರಿಯಿತು. ಆದ್ದರಿಂದ ಯಂತ್ರದ ಸುತ್ತ ಪ್ಲೈವುಡ್ಡಿನ ಪೆಟ್ಟಿಗೆ ಕಟ್ಟಿ, ಅದಕ್ಕೂ ಒಂದು ಕೊಳವೆ ಕೊಟ್ಟೆವು. ಒಂದು ಬಿರುಕೂ ಇರಕೂಡದೆಂದು ಸಂದುಗಳಿಗೆಲ್ಲ ಟೇಪು ಹಚ್ಚಿಸಿದವನು ನಾನೇ. ಫಲ ವಿಪರೀತವಾಯಿತು. ಯಂತ್ರ ಕಾದಿತು, ಪೆಟ್ಟಿಗೆ ತೆರೆದರೆ ಹೊಟ್ಟು ಗುಡ್ಡೆ ಬಿದ್ದಿತ್ತು.

ಅವನು ಸ್ವಲ್ಪ ಹೊತ್ತು ನೋಡಿ ನಕ್ಕ. "ಮೇಷ್ಟ್ರೇ, ಒಂಬತ್ತನೇ ತರಗತಿಯಲ್ಲಿ ಸೀಸೆಗೆ ಬಿರಡೆ ಜಡಿದು, ನಡುವೆ ಕೊಳವೆ ಇಟ್ಟು ನನಗೆ ಶರಬತ್ತು ಕುಡಿ ಎಂದಿರಿ. ಎಷ್ಟು ಹೀರಿದರೂ ಬರಲಿಲ್ಲ. ಒಳಗೆ ಗಾಳಿ ಹೋಗದೆ ಹೊರಗೆ ಏನು ಬಂದೀತು ಎಂದವರು ನೀವೇ ಅಲ್ಲವೆ?"

ನನಗೆ ನಾಚಿಕೆಯಾಯಿತು, ಸಂತೋಷವೂ ಆಯಿತು. ಕೊಳವೆಯ ಎದುರು ಬದಿಗೆ ಗಾಳಿಕಿಂಡಿ ಕೊರೆದೆವು. ಯಂತ್ರವೂ ತಣ್ಣಗಾಯಿತು, ಹೊಟ್ಟೂ ಹೋಯಿತು. ಉಳಿಯುವ ನುಣುಪು ಪುಡಿಗೆ ಹುಡುಗರಿಬ್ಬರೂ ಎನ್95 ಮುಖಗವಸು ಹಾಕಿಕೊಳ್ಳುತ್ತಾರೆ. ಒಣ ಪೊರಕೆಯಿಂದ ಗುಡಿಸುವುದನ್ನೂ ನಿಲ್ಲಿಸಿದ್ದಾನೆ.

ಅವನ ಕೆಮ್ಮು ಪೂರ್ತಿ ಹೋಗಿಲ್ಲ, ಔಷಧ ನಡೆದಿದೆ. ಕಿಟಕಿಯಲ್ಲಿ ನಾನಿಟ್ಟ ಕಪ್ಪು ಸ್ಲೇಟೊಂದಿದೆ. ಮೊದಲು ಸಂಜೆಯ ಹೊತ್ತಿಗೆ ಅದರ ಮೇಲಿನ ಧೂಳಿನಲ್ಲಿ ಬೆರಳಿನಿಂದ ಹೆಸರು ಬರೆಯಬಹುದಿತ್ತು. ಮೊನ್ನೆ ಹೋದಾಗ ನಾಲ್ಕು ದಿನದ ಸ್ಲೇಟಿನ ಮೇಲೆ ಬರೆದು ನೋಡಿದೆ. ಮೊದಲ ಅಕ್ಷರವೇ ಮೂಡಲಿಲ್ಲ.