ಬೇಗೂರಿನಿಂದ ಹಂಪಿ–ಬಾದಾಮಿ: ರೈಲಾ, ಕಾರಾ?

ಮೂರು ದಿನ ರಜೆ, ಜೊತೆಗೆ ವಯಸ್ಸಾದ ಅಪ್ಪ–ಅಮ್ಮ. ನೋಡಬೇಕಾದ್ದು ಹಂಪಿ, ಬಾದಾಮಿ, ಪಟ್ಟದಕಲ್ಲು, ಐಹೊಳೆ. ಬೇಗೂರಿನ ಕಡೆಯವರಿಗೆ ಮೊದಲು ನೆನಪಾಗೋದು ಕಾರು. ನೈಸ್ ರಸ್ತೆ ಹಿಡಿದರೆ ಊರೊಳಗಿನ ಟ್ರಾಫಿಕ್ ತಪ್ಪಿಸಿ ತುಮಕೂರು ರಸ್ತೆ ಸೇರಬಹುದು, ನಿಜ. ಆದರೆ ಚಿತ್ರದುರ್ಗ ದಾಟಿ ಹೊಸಪೇಟೆ ಮುಟ್ಟೋಕೆ ಸುಮಾರು 350 ಕಿ.ಮೀ. ಮೊದಲ ದಿನದ ಅರ್ಧ ದಾರಿಯಲ್ಲೇ ಹೋಗುತ್ತೆ. ಕಾರು ಓಡಿಸಿದವರು ವಿರೂಪಾಕ್ಷನ ಗೋಪುರದ ಮುಂದೆ ಆಕಳಿಸ್ತಾ ನಿಂತಿರ್ತಾರೆ.

ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಅದೇ ದೂರ ನಿದ್ದೆಯಲ್ಲಿ ಕಳೆಯುತ್ತೆ. ರಾತ್ರಿ ಹತ್ತಿದರೆ ಬೆಳಗ್ಗೆ ಹೊಸಪೇಟೆ. ಮೆಜೆಸ್ಟಿಕ್ ತಲುಪೋದೇ ಕಷ್ಟ ಅನ್ನೋ ಮಾತೂ ಹಳೆಯದಾಯ್ತು. 2025ರ ಆಗಸ್ಟ್‌ನಿಂದ ಹಳದಿ ಮಾರ್ಗದ ಮೆಟ್ರೋ ಇದೆ: ಹೊಂಗಸಂದ್ರದಲ್ಲಿ ಹತ್ತಿ, ಆರ್.ವಿ. ರೋಡ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಸಾಕು.

ರೈಲು ಸೋಲೋದು ಇಳಿದ ಮೇಲೆ. ಹೊಸಪೇಟೆಯಿಂದ ಹಂಪಿಗೆ ಸುಮಾರು 13 ಕಿ.ಮೀ., ಬಾದಾಮಿಯಿಂದ ಪಟ್ಟದಕಲ್ಲಿಗೆ 22, ಐಹೊಳೆ ಇನ್ನೂ ಮುಂದೆ. ಮಂಡಿ ನೋವಿರೋ ಅಮ್ಮನನ್ನು ಬಿಸಿಲಲ್ಲಿ ಬಸ್ಸಿಗೆ ಕಾಯಿಸೋಕಾಗಲ್ಲ. ಹಾಗಾಗಿ ಹೊಸಪೇಟೆಯಲ್ಲಿ ಟ್ಯಾಕ್ಸಿ ಮಾಡಿ, ಎಲ್ಲ ನೋಡಿಕೊಂಡು, ಬಾದಾಮಿಯಲ್ಲಿ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಬನ್ನಿ. ಟ್ಯಾಕ್ಸಿ ಖಾಲಿ ವಾಪಸ್ ಹೋಗೋ ಬಾಡಿಗೆಯನ್ನೂ ಮೊದಲೇ ಮಾತಾಡಿಕೊಳ್ಳಿ.

ಯುರೋಪಿಗೆ ಹೋದರೂ ಲೆಕ್ಕ ಇದೇ. ರೋಮ್‌ನಿಂದ ಫ್ಲಾರೆನ್ಸ್‌ಗೆ ರೈಲು, ಟಸ್ಕನಿಯ ಹಳ್ಳಿಗಳಿಗೆ ಕಾರು.

ಪುಟ್ಟ ಮಗುವಿದ್ದರೆ, ಚಿತ್ರದುರ್ಗದ ಕೋಟೆಯನ್ನೂ ನೋಡೋ ಆಸೆಯಿದ್ದರೆ, ಸ್ಟಿಯರಿಂಗ್ ಹಿಡಿಯೋಕೆ ಇನ್ನೊಬ್ಬರಿದ್ದರೆ ಕಾರೇ ಸರಿ. ಇಲ್ಲದಿದ್ದರೆ ರಜೆಗೆ ಅರ್ಜಿ ಹಾಕಿದ ದಿನವೇ ಟಿಕೆಟ್ ನೋಡಿ. ಬುಕಿಂಗ್ 60 ದಿನ ಮೊದಲೇ ತೆರೆಯುತ್ತೆ, ಅಪ್ಪ–ಅಮ್ಮನಿಗೆ ಕೆಳಗಿನ ಬರ್ತ್ ಬೇಕಲ್ಲ!